ಮಾನಸೋಲ್ಲಾಸದ ಮೇಣದ ಲೆಕ್ಕ

ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಮಗನಾದ ಮೂರನೆಯ ಸೋಮೇಶ್ವರನು ಕ್ರಿ.ಶ. 1130ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ವು ವಿದ್ವಾಂಸರಿಗೆ ಅಪರಿಚಿತವಲ್ಲ. ಈ ಸಂಸ್ಕೃತ ಗ್ರಂಥದ ಪಾಕ, ಸಂಗೀತಾದಿ ಭಾಗಗಳ ಚರ್ಚೆ ಸಾಕಷ್ಟು ನಡೆದಿದೆ. ಮೊದಲನೆಯ ವಿಂಶತಿಯಲ್ಲಿ ಬರುವ ಲೋಹಪ್ರತಿಮೆಯ ಎರಕದ ವಿಚಾರವೂ ಅಷ್ಟೇ ವಿವೇಚನೆಗೆ ಅರ್ಹವಾದುದು.

ಸೋಮೇಶ್ವರನು ಹೇಳುವ ಕ್ರಮವಿದು: ಮೊದಲು ಪ್ರತಿಮೆಯನ್ನು ಜೇನುಮೇಣದಲ್ಲಿ ರೂಪಿಸಿ, ಬೆನ್ನು, ಹೆಗಲು ಇಲ್ಲವೆ ತಲೆಯ ಮೇಲೆ ಮೇಣದ ನಾಳಗಳನ್ನು ಇರಿಸಬೇಕು. ಸುಟ್ಟ ಹೊಟ್ಟು, ನುಣ್ಣಗೆ ತುಂಡರಿಸಿದ ಹತ್ತಿ, ಸ್ವಲ್ಪ ಉಪ್ಪು ಇವನ್ನು ಸೇರಿಸಿ ಕಲ್ಲಿನ ಮೇಲೆ ಅರೆದ ಮಣ್ಣನ್ನು ಮೂರು ಸಲ ಬಳಿಯಬೇಕು. ಮೊದಲ ಲೇಪ ತೆಳುವಾಗಿರಬೇಕು; ಅದು ನೆರಳಿನಲ್ಲಿ ಒಣಗಬೇಕು. ಕೊನೆಯದು ದಪ್ಪನಾಗಿರಬೇಕು. ನಾಳಗಳ ಬಾಯಿ ಮಾತ್ರ ತೆರೆದಿರತಕ್ಕದ್ದು. ಬಳಿಕ ಅಚ್ಚನ್ನು ಕಾಯಿಸಿ ಮೇಣವನ್ನು ಹರಿಯಬಿಟ್ಟು, ಮೂಸೆಯಲ್ಲಿ ಕರಗಿದ ಲೋಹವನ್ನು ನಾಳದ ಬಾಯಿಯವರೆಗೆ ಹೊಯ್ಯಬೇಕು. ಆರಿದ ಮೇಲೆ ಮಣ್ಣನ್ನು ಒಡೆದು ನಾಳಗಳನ್ನು ಕತ್ತರಿಸಬೇಕು.

ಮಣ್ಣು ಬಳಿಯುವ ಮುನ್ನ ಮೇಣವನ್ನು ತೂಗಬೇಕೆಂಬ ವಿಧಿ ಇಲ್ಲಿ ಮುಖ್ಯವಾದುದು. ಹಿತ್ತಾಳೆ, ತಾಮ್ರಗಳು ಮೇಣದ 10 ಪಟ್ಟು, ಬೆಳ್ಳಿ 12 ಪಟ್ಟು, ಚಿನ್ನ 16 ಪಟ್ಟು. ಅಡವಿನ ಚಿನ್ನವನ್ನು ತೂಗಿಸುವ ನಮ್ಮ ಉದ್ಯೋಗದವರಿಗೆ ಈ ಲೆಕ್ಕವನ್ನು ತಾಳೆ ನೋಡುವ ಆಸೆ ಸಹಜವಾದುದು. ಸಾಂದ್ರತೆಯ ಪ್ರಕಾರ ಜೇನುಮೇಣಕ್ಕಿಂತ ತಾಮ್ರ, ಹಿತ್ತಾಳೆಗಳು ಸುಮಾರು 9 ಪಟ್ಟು, ಬೆಳ್ಳಿ 11 ಪಟ್ಟು, ಶುದ್ಧ ಚಿನ್ನ 20 ಪಟ್ಟು ಭಾರ. ಮೊದಲೆರಡು ಲೆಕ್ಕಗಳಲ್ಲಿ ಸುಮಾರು ಒಂದು ಪಾಲು ಹೆಚ್ಚಿದೆ. ಕರಗಿಸುವಾಗ ಆಗುವ ನಷ್ಟಕ್ಕೆ ಅದು ಸಲ್ಲಬಹುದು. ಚಿನ್ನದಲ್ಲಿ ಮಾತ್ರ 4 ಪಾಲು ಕಡಿಮೆ. ನಾಲ್ಕರಲ್ಲಿ ಮೂರು ಪಾಲು ಚಿನ್ನವಿರುವ 18 ಕ್ಯಾರೆಟ್ಟಿನ ಮಿಶ್ರಲೋಹಕ್ಕೆ 16ರ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ. ಆದಕಾರಣ ಗ್ರಂಥೋಕ್ತ ಚಿನ್ನವು ಬೆರಕೆಯದಾಗಿರಬಹುದೆಂದು ಊಹಿಸಲು ಅವಕಾಶವಿದೆ. ಇದು ಊಹೆಯೇ ಹೊರತು ನಿರ್ಣಯವಲ್ಲ.

ಈ ವಿಧಾನದಲ್ಲಿ ಒಂದು ಮೇಣಕ್ಕೆ ಒಂದೇ ಪ್ರತಿಮೆ. ಎರಕ ಕೆಟ್ಟರೆ ಶಿಲ್ಪಿಯ ಶ್ರಮವೆಲ್ಲ ವ್ಯರ್ಥ. 1940ರ ದಶಕದಲ್ಲಿ ಅಮೆರಿಕದಲ್ಲಿ ಕೈಗಾರಿಕೆಯಾಗಿ ಬೆಳೆದ ಸಿಲಿಕೋನ್ ರಬ್ಬರು ಈ ಕೊರತೆಯನ್ನು ನೀಗಿಸಿತು. ಮೂಲ ಶಿಲ್ಪವನ್ನು ಪೆಟ್ಟಿಗೆಯಲ್ಲಿರಿಸಿ, ಗಟ್ಟಿಗೊಳಿಸುವ ದ್ರವ್ಯ ಬೆರೆಸಿದ ರಬ್ಬರನ್ನು ಗಾಳಿಗುಳ್ಳೆ ಉಳಿಯದಂತೆ ಸುರಿದು, ಹೆಪ್ಪುಗಟ್ಟಿದ ಮೇಲೆ ಸೀಳಿ ತೆಗೆದರೆ ಬಾಗುವ ಅಚ್ಚು ಸಿದ್ಧ. ಮೇಣ ಅದಕ್ಕೆ ಅಂಟದು. ಸಂದುಗೊಂದುಗಳಿಂದಲೂ ಮುರಿಯದೆ ಬಿಟ್ಟುಬರುತ್ತದೆ. ಒಂದೇ ಅಚ್ಚಿನಿಂದ ಹಲವು ಮೇಣದ ಪ್ರತಿಗಳು ಸಾಧ್ಯ. ಗೋರೆಗಾಂವಿಗೆ ಸಮೀಪದ ಅಂಧೇರಿಯ ಸೀಪ್ಜ್ ವಲಯದ ಆಭರಣ ಕಾರ್ಖಾನೆಗಳು ರಬ್ಬರಿನ ಅಚ್ಚು, ಮೇಣದ ಪ್ರತಿ ಎಂಬ ಈ ದಾರಿಯನ್ನೇ ಹಿಡಿದಿವೆ.

ಹೊಸತಾದದ್ದು ಮೇಣದ ಹಿಂದಿನ ಹೆಜ್ಜೆಯೇ ಹೊರತು ಮುಂದಿನದಲ್ಲ. ಮಣ್ಣಿನ ಸ್ಥಾನದಲ್ಲಿ ಗಾರೆಯ ಲೇಪ ಬಂದಿದೆ. ಉಳಿದಂತೆ ಮೇಣ ಕರಗಬೇಕು, ಲೋಹ ತುಂಬಬೇಕು, ಹೊರಕವಚ ಒಡೆಯಬೇಕು. ಕಲ್ಯಾಣದ ಅರಸನು ವಿಧಿಯನ್ನು ಸಂಸ್ಕೃತದಲ್ಲಿ ಉಳಿಸಿದನು. ಎರಕ ಹೊಯ್ದವರ ಕನ್ನಡ ಆ ಗ್ರಂಥವನ್ನು ಸೇರಲಿಲ್ಲ. ಮೂಸೆ, ಎರಕ, ಅಚ್ಚು ಮೊದಲಾದ ಮಾತುಗಳೊಡನೆ ಕುಶಲಕರ್ಮಿಗಳ ಬಾಯಲ್ಲಿ ಇನ್ನೂ ಉಳಿದಿರುವ ಶಬ್ದಗಳನ್ನು ಸಂಗ್ರಹಿಸುವುದು ನಮ್ಮಂಥ ಸಂಘಗಳು ಕೈಗೊಳ್ಳಬೇಕಾದ ಕಾರ್ಯ. ಮೂಲ ಶಿಲ್ಪವಿರುವಾಗಲೇ ಅಚ್ಚು ತೆಗೆಯಬೇಕಷ್ಟೆ.