ಮನೋವಿಶ್ಲೇಷಣೆಯೂ ವಿಶ್ವವಿದ್ಯಾನಿಲಯವೂ

೧

ವಿದ್ಯೆಗಳಲ್ಲಿ ಗ್ರಂಥಮಾತ್ರದಿಂದ ಸಾಧ್ಯವಾಗತಕ್ಕವು ಕೆಲವು. ಗ್ರಂಥದೊಡನೆ ಹಸ್ತಪ್ರಯೋಗವನ್ನೂ ಅಪೇಕ್ಷಿಸುವಂಥವು ಕೆಲವು. ಇವೆರಡಕ್ಕಿಂತಲೂ ಭಿನ್ನವಾಗಿ, ಕಲಿಯುವವನು ತಾನೇ ಪರೀಕ್ಷಾವಿಷಯವಾಗಿ ನಿಲ್ಲಬೇಕಾದ ವಿದ್ಯೆಯೊಂದುಂಟು. ಸಿಗ್ಮಂಡ್ ಫ್ರಾಯ್ಡನಿಂದ ಪ್ರವರ್ತಿತವಾದ ಮನೋವಿಶ್ಲೇಷಣೆಯೂ ಅದರಿಂದ ಕವಲೊಡೆದ ಮನಶ್ಚಿಕಿತ್ಸಾಪದ್ಧತಿಗಳೂ ಈ ಮೂರನೆಯ ವರ್ಗಕ್ಕೆ ಸೇರಿದುವು. ಇಂಥ ವಿದ್ಯೆಯು ವಿಶ್ವವಿದ್ಯಾನಿಲಯವನ್ನು ಹೇಗೆ ಪ್ರವೇಶಿಸಿತು, ಪ್ರವೇಶಿಸಿ ಏನನ್ನು ಪಡೆಯಿತು, ಏನನ್ನು ಹೊರಗೆ ಉಳಿಸಿಕೊಂಡಿತು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಪರಿಭಾಷೆಯನ್ನು ಸ್ಪಷ್ಟಪಡಿಸಿಕೊಳ್ಳುವುದು ಉಚಿತ. ಈಗಿನ ವಿಶ್ವವಿದ್ಯಾನಿಲಯಗಳಲ್ಲಿ ಆಪ್ತಸಮಾಲೋಚನೆ ಮತ್ತು ಮನಶ್ಚಿಕಿತ್ಸೆಗಳ ಪಠ್ಯಕ್ರಮದೊಳಗೆ ‘ಸೈಕೋಡೈನಮಿಕ್’ ಎಂಬ ಒಂದು ಪ್ರಸ್ಥಾನವು ಬೋಧಿಸಲ್ಪಡುತ್ತದೆ. ‘ಡೈನಮಿಕ್’ ಎಂದರೆ ಬಲಗಳ ಚಲನೆಗೆ ಸಂಬಂಧಪಟ್ಟದ್ದು. ಫ್ರಾಯ್ಡನು ತಾರುಣ್ಯದಲ್ಲಿ, ೧೮೭೬ರಿಂದ ೧೮೮೨ರವರೆಗೆ, ವಿಯೆನ್ನಾದ ಶರೀರಶಾಸ್ತ್ರಜ್ಞ ಅರ್ನ್‌ಸ್ಟ್ ಬ್ರ್ಯೂಕನ ಪ್ರಯೋಗಶಾಲೆಯಲ್ಲಿ ಕೆಲಸಮಾಡಿದನು. ಜೀವಶರೀರವು ಭೌತಿಕ ಬಲಗಳ ವ್ಯವಸ್ಥೆಯೇ ಎಂಬುದು ಆ ಗುರುವಿನ ಮತ. ಶಿಷ್ಯನು ಮುಂದೆ ಅದೇ ದೃಷ್ಟಿಯನ್ನು ಮನಸ್ಸಿಗೆ ಅನ್ವಯಿಸಿದನು. ಒಂದು ಇಚ್ಛೆಯು ಮೇಲಕ್ಕೆ ಬರಲು ಯತ್ನಿಸುತ್ತದೆ. ಇನ್ನೊಂದು ಬಲವು ಅದನ್ನು ಅದುಮುತ್ತದೆ. ಅದುಮಲ್ಪಟ್ಟದ್ದು ನಾಶವಾಗದೆ ಅಪ್ರಜ್ಞಾತ ಮನಸ್ಸಿನಲ್ಲಿದ್ದು, ಸ್ವಪ್ನವಾಗಿಯೋ ಬಾಯ್ತಪ್ಪಾಗಿಯೋ ರೋಗಲಕ್ಷಣವಾಗಿಯೋ ವೇಷಾಂತರದಿಂದ ಹೊರಬೀಳುತ್ತದೆ. ಇದೇ ದಮನಸಿದ್ಧಾಂತ. ರೋಗಿಯು ಬಾಲ್ಯದಲ್ಲಿ ತಂದೆತಾಯಿಗಳಲ್ಲಿ ತಾಳಿದ್ದ ಪ್ರೀತಿದ್ವೇಷಗಳನ್ನು ತನಗರಿವಿಲ್ಲದೆಯೇ ವೈದ್ಯನ ಮೇಲೆ ಆರೋಪಿಸುವುದಕ್ಕೆ ಭಾವಸಂಕ್ರಮಣವೆಂದು ಹೆಸರಿಡಬಹುದು. ವೈದ್ಯನ ಮನಸ್ಸಿನಲ್ಲಿಯೂ ಪ್ರತಿಯಾಗಿ ಇಂಥ ಭಾವಗಳು ಏಳುತ್ತವೆ. ಆದುದರಿಂದ ತನ್ನ ಮನಸ್ಸಿನ ಕುರುಡು ಮೂಲೆಗಳನ್ನರಿಯದವನು ಪರರ ಮನಸ್ಸನ್ನು ಸರಿಯಾಗಿ ಓದಲಾರನೆಂದಾಯಿತು. ವಿಶ್ವವಿದ್ಯಾನಿಲಯದ ಪ್ರಶ್ನೆಯು ಇಲ್ಲಿಂದಲೇ ಹುಟ್ಟುತ್ತದೆ.

೨

ಫ್ರಾಯ್ಡನಿಗೂ ವಿಯೆನ್ನಾ ವಿಶ್ವವಿದ್ಯಾನಿಲಯಕ್ಕೂ ಇದ್ದ ಸಂಬಂಧವು ವಿಚಿತ್ರವಾದುದು. ೧೮೮೫ರಲ್ಲಿ ಅವನಿಗೆ ಅಲ್ಲಿ ಉಪನ್ಯಾಸಮಾಡುವ ಅಧಿಕಾರ ದೊರೆಯಿತು. ೧೯೦೨ರಲ್ಲಿ ಪ್ರೊಫೆಸರ್ ಎಂಬ ಬಿರುದೂ ದೊರೆಯಿತು. ಆದರೆ ಪೂರ್ಣಪ್ರಾಧ್ಯಾಪಕನ ಪೀಠವು ಕೊನೆಯವರೆಗೂ ಅವನದಾಗಲಿಲ್ಲ. ಸ್ವದೇಶಕ್ಕಿಂತ ಮೊದಲು ಪರದೇಶವೇ ಅವನಿಗೆ ವಿದ್ವನ್ಮರ್ಯಾದೆಯನ್ನು ಸಲ್ಲಿಸಿತು. ಅಮೆರಿಕದ ಕ್ಲಾರ್ಕ್ ವಿಶ್ವವಿದ್ಯಾನಿಲಯವು ೧೯೦೯ರಲ್ಲಿ ತನ್ನ ಇಪ್ಪತ್ತನೆಯ ವಾರ್ಷಿಕೋತ್ಸವಕ್ಕೆ ಅವನನ್ನು ಕರೆಸಿ, ಐದು ಉಪನ್ಯಾಸಗಳನ್ನು ಮಾಡಿಸಿ, ಗೌರವ ಡಾಕ್ಟರ್ ಪದವಿಯನ್ನು ನೀಡಿತು. ಅದರ ಅಧ್ಯಕ್ಷ ಸ್ಟ್ಯಾನ್ಲಿ ಹಾಲನೂ ಸ್ವಯಂ ಮನಶ್ಶಾಸ್ತ್ರಜ್ಞ.

೧೯೧೫ರಿಂದ ೧೯೧೭ರವರೆಗೆ, ಮಹಾಯುದ್ಧದ ನಡುವೆಯೇ, ಫ್ರಾಯ್ಡನು ವಿಯೆನ್ನಾದಲ್ಲಿ ಮಾಡಿದ ಪ್ರವೇಶಿಕಾ ಉಪನ್ಯಾಸಗಳು ಪ್ರಸಿದ್ಧವಾದುವು. ಅವುಗಳ ಆರಂಭದಲ್ಲಿಯೇ ಅವನು ಶ್ರೋತೃಗಳನ್ನು ಒಂದು ಬಗೆಯಲ್ಲಿ ನಿರುತ್ಸಾಹಗೊಳಿಸುತ್ತಾನೆಂಬುದು ಗಮನಾರ್ಹ. ಅಂಗರಚನಾಶಾಸ್ತ್ರದಲ್ಲಿ ಶರೀರವನ್ನು ಕೊಯ್ದು ತೋರಿಸಬಹುದು. ಈ ಚಿಕಿತ್ಸೆಯಲ್ಲಿಯಾದರೋ ನಡೆಯುವುದೆಲ್ಲ ಇಬ್ಬರ ಮಾತು, ಮೂರನೆಯವನಿಗೆ ಅಲ್ಲಿ ಪ್ರವೇಶವಿಲ್ಲ. ಹೀಗಿರಲು ವಿದ್ಯಾರ್ಥಿಗಳಿಗೆ ಕೇಳಿದ್ದನ್ನು ನಂಬುವುದು ಮಾತ್ರವೇ ಉಳಿಯುತ್ತದೆ; ನಿಜವಾಗಿ ಕಲಿಯಬೇಕಾದರೆ ತನ್ನ ಮನಸ್ಸನ್ನೇ ಶೋಧಿಸಿಕೊಳ್ಳಬೇಕು ಎಂಬುದು ಅವನ ಅಭಿಪ್ರಾಯ.

ಇದೇ ವಿಷಯವನ್ನು ಕುರಿತು ಅವನ ಒಂದು ಚಿಕ್ಕ ಪ್ರಬಂಧವು ೧೯೧೯ರಲ್ಲಿ ಹಂಗೇರಿಯ ವೈದ್ಯಪತ್ರಿಕೆಯೊಂದರಲ್ಲಿ ಆ ದೇಶದ ಭಾಷೆಯಲ್ಲಿ ಪ್ರಕಟವಾಯಿತು. ಅದರ ವಾದಸರಣಿಯು ಸೂಕ್ಷ್ಮವಾದುದು. ಮನೋವಿಶ್ಲೇಷಕನಿಗೆ ವಿಶ್ವವಿದ್ಯಾನಿಲಯವು ಅತ್ಯವಶ್ಯಕವಲ್ಲ. ಸಿದ್ಧಾಂತವು ಗ್ರಂಥಗಳಿಂದಲೂ ಸಂಘಗಳ ಗೋಷ್ಠಿಗಳಿಂದಲೂ, ಅನುಭವವು ತನ್ನ ಸ್ವಂತ ವಿಶ್ಲೇಷಣೆಯಿಂದಲೂ ಹಿರಿಯರ ಮೇಲ್ವಿಚಾರಣೆಯಿಂದಲೂ ದೊರೆಯುತ್ತವೆ. ವಿಶ್ವವಿದ್ಯಾನಿಲಯಕ್ಕಾದರೋ ಈ ಶಾಸ್ತ್ರದಿಂದ ಪ್ರಯೋಜನವುಂಟು; ಏಕೆಂದರೆ ವೈದ್ಯವಿದ್ಯಾರ್ಥಿಯು ಶರೀರವನ್ನು ಮಾತ್ರ ಓದಿ ಮನಸ್ಸನ್ನು ಕಡೆಗಣಿಸುವುದರಿಂದ ಅವನ ವಿದ್ಯೆಯು ಅರ್ಧವಾಗಿ ನಿಲ್ಲುತ್ತದೆ. ಆದರೂ ಉಪನ್ಯಾಸಗಳಿಂದ ಅವನು ಮನೋವಿಶ್ಲೇಷಣೆಯ ವಿಷಯವಾಗಿ ಸ್ವಲ್ಪ ತಿಳಿಯಬಹುದು, ಅದರಿಂದ ಸ್ವಲ್ಪ ಕಲಿಯಬಹುದು, ಅದನ್ನೇ ವಶಪಡಿಸಿಕೊಳ್ಳಲಾರನು. ಶಾಸ್ತ್ರದ ವಿಷಯವಾದ ಜ್ಞಾನ, ಶಾಸ್ತ್ರದಿಂದಾದ ಲಾಭ, ಶಾಸ್ತ್ರಸಿದ್ಧಿ ಈ ಮೂರರ ಭೇದವನ್ನು ಮುಂದಿನ ಇತಿಹಾಸವೆಲ್ಲವೂ ಸಮರ್ಥಿಸುತ್ತದೆ.

ಆ ಪ್ರಬಂಧವು ಹಂಗೇರಿಯಲ್ಲಿ ಪ್ರಕಟವಾದುದು ಆಕಸ್ಮಿಕವಲ್ಲ. ೧೯೧೮ರ ಸೆಪ್ಟೆಂಬರಿನಲ್ಲಿ ಅಂತರರಾಷ್ಟ್ರೀಯ ಮನೋವಿಶ್ಲೇಷಣ ಸಮ್ಮೇಲನವು ಬುಡಾಪೆಸ್ಟಿನಲ್ಲಿ ಸೇರಿದ್ದಿತು. ಅಲ್ಲಿಯ ವಿದ್ಯಾರ್ಥಿಗಳು ಈ ಶಾಸ್ತ್ರವನ್ನು ಬೋಧಿಸಬೇಕೆಂದು ಅರ್ಜಿಮಾಡಿಕೊಂಡರು. ೧೯೧೯ರ ವಸಂತದಲ್ಲಿ, ಬೇಲಾ ಕುನ್ನನ ಕ್ರಾಂತಿ ಸರ್ಕಾರದ ಕಾಲದಲ್ಲಿ, ಫ್ರಾಯ್ಡನ ಆಪ್ತನಾದ ಶಾಂಡೋರ್ ಫೆರೆಂಟ್ಸಿಯು ಮನೋವಿಶ್ಲೇಷಣೆಯ ಪ್ರಾಧ್ಯಾಪಕನಾಗಿ ನೇಮಕಗೊಂಡನು. ಲೋಕದಲ್ಲಿ ಈ ವಿಷಯಕ್ಕೆ ಏರ್ಪಟ್ಟ ಪ್ರಥಮ ಪೀಠವಿದು. ಆ ಸರ್ಕಾರವು ಬಾಳಿದ್ದು ೧೩೩ ದಿನಗಳು ಮಾತ್ರ. ಆಗಸ್ಟಿನಲ್ಲಿ ಅದು ಉರುಳಿದೊಡನೆ ಪೀಠವೂ ಉರುಳಿತು, ಫೆರೆಂಟ್ಸಿಯು ಪದಚ್ಯುತನಾದನು. ರಾಜಾಶ್ರಯದಿಂದ ಬಂದ ಪೀಠವು ರಾಜ್ಯದೊಡನೆಯೇ ಹೋಯಿತೆಂಬುದನ್ನು ಆ ತಲೆಮಾರಿನ ವಿಶ್ಲೇಷಕರು ಮರೆಯಲಿಲ್ಲ.

೩

ಮರುವರ್ಷವೇ, ಎಂದರೆ ೧೯೨೦ರ ಫೆಬ್ರುವರಿಯಲ್ಲಿ, ಮ್ಯಾಕ್ಸ್ ಐಟಿಂಗನ್, ಕಾರ್ಲ್ ಆಬ್ರಹಾಂ, ಅರ್ನ್‌ಸ್ಟ್ ಜಿಮ್ಮೆಲ್ ಇವರು ಬರ್ಲಿನ್ನಿನಲ್ಲಿ ಒಂದು ಚಿಕಿತ್ಸಾಲಯವನ್ನು ತೆರೆದರು. ಬಡವರಿಗೆ ಅವರವರ ಶಕ್ತ್ಯನುಸಾರ ಚಿಕಿತ್ಸೆ, ಕಲಿಯುವವರಿಗೆ ಶಿಕ್ಷಣ ಇವೆರಡೂ ಅಲ್ಲಿ ನಡೆದುವು. ಶಿಕ್ಷಣಕ್ಕೆ ಮೂರು ಅಂಗಗಳು ಕ್ರಮೇಣ ನಿಶ್ಚಿತವಾದುವು: ಅಭ್ಯರ್ಥಿಯು ತಾನೇ ಹಿರಿಯ ವಿಶ್ಲೇಷಕನೊಬ್ಬನಿಂದ ವಿಶ್ಲೇಷಿಸಲ್ಪಡುವುದು, ಸಿದ್ಧಾಂತದ ಪಾಠಗಳು, ಮೇಲ್ವಿಚಾರಕನಿಗೆ ಒಪ್ಪಿಸುತ್ತ ರೋಗಿಗಳಿಗೆ ಚಿಕಿತ್ಸೆ ಮಾಡುವುದು. ಲೋಕದ ಅನೇಕ ಕಡೆ ಈಗಲೂ ಅನುಸರಿಸಲ್ಪಡುವ ಮಾದರಿಯಿದು.

ನಮ್ಮ ವಾಚಕರಿಗೆ ಇಲ್ಲಿ ಶ್ರವಣ, ಮನನ, ನಿದಿಧ್ಯಾಸನಗಳ ನೆನಪಾಗುವುದು ಸಹಜ. ಸಂಖ್ಯಾಸಾಮ್ಯದಿಂದ ವಸ್ತುಸಾಮ್ಯವನ್ನು ಊಹಿಸಬಾರದು. ವೇದಾಂತಿಯ ಗುರಿಯು ಆತ್ಮಜ್ಞಾನ. ಇಲ್ಲಿಯ ಗುರಿಯು ರೋಗೋಪಶಮ. ಇವೆಲ್ಲವೂ ನಮ್ಮ ಶಾಸ್ತ್ರಗಳಲ್ಲಿ ಮೊದಲೇ ಇದ್ದುವೆಂದು ಘೋಷಿಸುವುದು ಉಭಯಶಾಸ್ತ್ರಗಳಿಗೂ ಅನ್ಯಾಯ. ಸುಶ್ರುತನು ಶಾಸ್ತ್ರಜ್ಞಾನ ಕರ್ಮಜ್ಞಾನಗಳೆರಡೂ ಉಳ್ಳವನೇ ವೈದ್ಯನೆನ್ನುತ್ತಾನೆ. ಆದರೆ ಶಸ್ತ್ರವೈದ್ಯನು ತನ್ನ ಮೈಯನ್ನೇ ಮೊದಲು ಕೊಯ್ಯಿಸಿಕೊಳ್ಳಬೇಕೆಂಬ ವಿಧಿಯಿಲ್ಲ. ಬರ್ಲಿನ್ನಿನ ಪದ್ಧತಿಯಲ್ಲಿ ಅಪೂರ್ವವಾದುದು ಇದೇ.

ವಿಶ್ವವಿದ್ಯಾನಿಲಯದಿಂದ ದೂರವಿದ್ದುದರಿಂದ ಈ ವಿದ್ಯೆಗೆ ಸ್ವಾತಂತ್ರ್ಯವು ಲಭಿಸಿತು. ಅದರ ಜೊತೆಗೆ ಮಠದ ದೋಷಗಳೂ ಬಂದುವು. ಗುರುವೇ ವಿಶ್ಲೇಷಕನೂ ಪರೀಕ್ಷಕನೂ ಆದಲ್ಲಿ ಶಿಷ್ಯನ ಭಿನ್ನಾಭಿಪ್ರಾಯವು ಅವನ ಮನೋದೋಷವೆಂದೇ ಎಣಿಸಲ್ಪಡುವ ಭಯವುಂಟು. ಲಂಡನ್ನಿನ ಸಂಘದಲ್ಲಿ ಎರಡನೆಯ ಮಹಾಯುದ್ಧದ ಕಾಲದಲ್ಲಿ ಆನಾ ಫ್ರಾಯ್ಡ್ ಮತ್ತು ಮೆಲನಿ ಕ್ಲೈನ್ ಇವರ ಅನುಯಾಯಿಗಳೊಳಗೆ ನಡೆದ ದೀರ್ಘವಾದಗಳಲ್ಲಿ, ಮುಂದಿನವರಿಗೆ ಯಾರು ಯಾವ ಕ್ರಮದಲ್ಲಿ ಬೋಧಿಸಬೇಕೆಂಬುದೂ ಒಂದು ಮುಖ್ಯ ವಿವಾದವಾಗಿದ್ದಿತು. ಇನ್ನೊಂದು ವಿವಾದ, ವೈದ್ಯಪದವಿಯಿಲ್ಲದವರ ಅಧಿಕಾರವನ್ನು ಕುರಿತದ್ದು. ಟಿಯೊಡೋರ್ ರೈಕನ ಮೇಲೆ ಇಂಥ ಆಕ್ಷೇಪ ಬಂದಾಗ ಫ್ರಾಯ್ಡನು ೧೯೨೬ರಲ್ಲಿ ಒಂದು ಪುಸ್ತಕವನ್ನೇ ಬರೆದು, ಪದವಿಯಲ್ಲ, ಈ ವಿದ್ಯೆಯಲ್ಲಿ ತರಬೇತಿಯೇ ಪ್ರಮಾಣವೆಂದು ವಾದಿಸಿದನು. ಇಂದು ವೈದ್ಯರಲ್ಲದವರು ವಿಶ್ವವಿದ್ಯಾನಿಲಯಗಳಲ್ಲಿ ಆಪ್ತಸಮಾಲೋಚನೆಯನ್ನು ಕಲಿಯುತ್ತಿರುವುದರ ಹಿಂದೆ ಈ ವಾದದ ಬಲವೂ ಇದೆ.

೪

ವಿಶ್ವವಿದ್ಯಾನಿಲಯದಲ್ಲಿದ್ದುಕೊಂಡೇ ಈ ವಿದ್ಯೆಯನ್ನು ಬೆಳೆಯಿಸಿದ ಉದಾಹರಣೆಯೊಂದು ನಮ್ಮ ಭರತಖಂಡದಲ್ಲಿಯೇ ಉಂಟು. ಕಲ್ಕತ್ತೆಯ ವಿಶ್ವವಿದ್ಯಾನಿಲಯದಲ್ಲಿ ೧೯೧೬ರಲ್ಲಿ ಮನಶ್ಶಾಸ್ತ್ರದ ವಿಭಾಗವು ಪ್ರಾರಂಭವಾಯಿತು. ಗಿರೀಂದ್ರಶೇಖರ ಬೋಸರು (೧೮೮೭-೧೯೫೩) ವೈದ್ಯಪದವಿ ಪಡೆದು ವೃತ್ತಿ ನಡೆಸುತ್ತಿದ್ದವರು, ಪುನಃ ವಿದ್ಯಾರ್ಥಿಯಾಗಿ ಅಲ್ಲಿ ಸೇರಿ ೧೯೧೭ರಲ್ಲಿ ಎಂ.ಎಸ್‌ಸಿ. ಮುಗಿಸಿ ಅಲ್ಲಿಯೇ ಉಪನ್ಯಾಸಕರಾದರು. ದಮನವನ್ನು ಕುರಿತ ಅವರ ಪ್ರಬಂಧಕ್ಕೆ ೧೯೨೧ರಲ್ಲಿ ಡಿ.ಎಸ್‌ಸಿ. ಪದವಿ ಬಂದಿತು. ಅದನ್ನು ಫ್ರಾಯ್ಡನಿಗೆ ಕಳುಹಿಸಲು ಇಬ್ಬರಿಗೂ ಪತ್ರವ್ಯವಹಾರ ಬೆಳೆಯಿತು. ಇಬ್ಬರೂ ಎಂದೂ ಮುಖತಃ ಭೇಟಿಯಾಗಲಿಲ್ಲ. ೧೯೨೨ರಲ್ಲಿ ಬೋಸರು ತಮ್ಮ ಮನೆಯಲ್ಲಿಯೇ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಅದರ ಆದ್ಯ ಸದಸ್ಯರಲ್ಲಿ ಮನಶ್ಶಾಸ್ತ್ರ, ತತ್ತ್ವಶಾಸ್ತ್ರಗಳ ಕಾಲೇಜು ಅಧ್ಯಾಪಕರೇ ಹೆಚ್ಚಾಗಿದ್ದುದು ಗಮನಾರ್ಹ.

ಬೋಸರಿಗೆ ವಿಶ್ಲೇಷಣೆ ಮಾಡಿದ ಗುರುವಿಲ್ಲ. ಅವರು ತಮ್ಮನ್ನು ತಾವೇ ಶೋಧಿಸಿಕೊಂಡವರು. ಅದರಿಂದಲೋ ಏನೋ, ಫ್ರಾಯ್ಡನಲ್ಲಿ ಗೌರವವಿಟ್ಟುಕೊಂಡೇ ಅವನಿಂದ ಭಿನ್ನವಾದ ಮತವನ್ನು ಅವರು ಮಂಡಿಸಬಲ್ಲವರಾದರು. ಪ್ರತಿಯೊಂದು ಇಚ್ಛೆಯೊಡನೆಯೂ ಅದರ ವಿರುದ್ಧೇಚ್ಛೆಯು ಗೂಢವಾಗಿ ಇರುತ್ತದೆ, ಹೊಡೆಯಬೇಕೆಂಬುವನಲ್ಲಿ ಹೊಡೆಸಿಕೊಳ್ಳಬೇಕೆಂಬುದೂ ಅಡಗಿರುತ್ತದೆ ಎಂಬುದು ಅವರ ಸಿದ್ಧಾಂತ. ಫ್ರಾಯ್ಡನು ಇದನ್ನು ಪೂರ್ಣವಾಗಿ ಒಪ್ಪಲಿಲ್ಲ. ಬೋಸರು ಬಿಡಲೂ ಇಲ್ಲ. ಫ್ರಾಯ್ಡನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ, ೧೯೩೧ರಲ್ಲಿ, ಸಂಘದವರು ದಂತದ ವಿಷ್ಣುವಿಗ್ರಹವೊಂದನ್ನು ಕಳುಹಿಸಿಕೊಟ್ಟರು. ಪುರಾಣಗಳನ್ನೂ ಗೀತೆಯನ್ನೂ ಪಾತಂಜಲ ಯೋಗಸೂತ್ರಗಳನ್ನೂ ಕುರಿತು ಬರೆದ ಬೋಸರು ಸ್ವಯಂ ಬಹುಶ್ರುತರು. ೧೯೩೩ರಲ್ಲಿ ಕಾರ್‌ಮೈಕಲ್ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲಿ ಮನೋರೋಗಿಗಳಿಗೆ ಉಚಿತ ಚಿಕಿತ್ಸಾಶಾಖೆಯೂ ೧೯೪೦ರಲ್ಲಿ ಲುಂಬಿನೀ ಪಾರ್ಕ್ ಎಂಬ ಆಸ್ಪತ್ರೆಯೂ ಅವರ ಶ್ರಮದಿಂದ ಏರ್ಪಟ್ಟುವು. ಹೀಗೆ ಪಾಠವು ವಿಶ್ವವಿದ್ಯಾನಿಲಯದಲ್ಲಿ, ವಿಶ್ಲೇಷಣೆಯು ಸಂಘದಲ್ಲಿ, ರೋಗಿದರ್ಶನವು ಆಸ್ಪತ್ರೆಯಲ್ಲಿ ನಡೆದು, ಮೂರಕ್ಕೂ ಒಬ್ಬನೇ ಆಚಾರ್ಯನು ಕೊಂಡಿಯಾಗಿದ್ದನು. ಇದರ ಬಲವೂ ಅದೇ, ದೌರ್ಬಲ್ಯವೂ ಅದೇ.

ಕನ್ನಡನಾಡಿನಲ್ಲಿ ದಾರಿ ಬೇರೆಯಾಯಿತು. ಮೈಸೂರಿನಲ್ಲಿ ೧೯೨೪ರಲ್ಲಿ ಮನಶ್ಶಾಸ್ತ್ರ ವಿಭಾಗವನ್ನು ಆರಂಭಿಸಿದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ನನ ಶಿಷ್ಯರು. ಬುದ್ಧಿಶಕ್ತಿಯ ಮಾಪನವೂ ಪ್ರಯೋಗಶಾಲೆಯೂ ಆ ಪರಂಪರೆಯ ಲಕ್ಷಣಗಳು. ಬೆಂಗಳೂರಿನಲ್ಲಿ ೧೯೫೪ರಲ್ಲಿ ಸ್ಥಾಪಿತವಾಗಿ, ೧೯೭೪ರಲ್ಲಿ ನಿಮ್ಹಾನ್ಸ್ ಎಂಬ ರೂಪ ತಾಳಿದ ಮಾನಸಿಕಾರೋಗ್ಯ ಸಂಸ್ಥೆಯಲ್ಲಿ ಮನಶ್ಶಾಸ್ತ್ರವನ್ನು ರೋಗಿಯ ಬಳಿ ಕುಳಿತು ಕಲಿಯುವ ವ್ಯವಸ್ಥೆ ಬಂದಿತು.

೫

ಕೊಲಂಬಿಯಾ ವಿಶ್ವವಿದ್ಯಾನಿಲಯವು ೧೯೪೫ರಲ್ಲಿ ಮನೋವಿಶ್ಲೇಷಣಶಿಕ್ಷಣವನ್ನೇ ತನ್ನೊಳಗೆ ಸೇರಿಸಿಕೊಂಡಿತು. ಇಂಗ್ಲೆಂಡಿನ ವಿಶ್ವವಿದ್ಯಾನಿಲಯಗಳಲ್ಲಿ ಈಗ ಎರಡು ಬಗೆಯ ಪಠ್ಯಕ್ರಮಗಳನ್ನು ಕಾಣಬಹುದು. ಒಂದು, ಫ್ರಾಯ್ಡ್ ಮೊದಲಾದವರ ಗ್ರಂಥಗಳನ್ನು ಇತಿಹಾಸ, ಸಾಹಿತ್ಯ, ಸಮಾಜಗಳೊಡನೆ ಓದುವುದು. ಇದು ಚಿಕಿತ್ಸೆಯ ಅಧಿಕಾರವನ್ನು ಕೊಡುವುದಿಲ್ಲ. ಇನ್ನೊಂದು, ಸಮಾಲೋಚಕರನ್ನು ತಯಾರಿಸುವುದು; ಇದರಲ್ಲಿ ಪಾಠದೊಡನೆ ಮೇಲ್ವಿಚಾರಣೆಯ ಕೆಳಗೆ ಚಿಕಿತ್ಸೆ ಮಾಡುವುದೂ ವಿದ್ಯಾರ್ಥಿಯು ಸ್ವತಃ ಚಿಕಿತ್ಸೆಗೆ ಒಳಗಾಗುವುದೂ ಸಾಮಾನ್ಯವಾಗಿ ಸೇರಿರುತ್ತವೆ. ಆದರೆ ಆ ಸ್ವಂತ ಚಿಕಿತ್ಸೆಯು ವಿಶ್ವವಿದ್ಯಾನಿಲಯದ ಹೊರಗೆ, ಅಂಕವಿಲ್ಲದೆ, ವರದಿಯಿಲ್ಲದೆ ನಡೆಯಬೇಕೆಂಬುದೇ ಮೇಲಾದ ಸಂಪ್ರದಾಯ. ೧೯೧೯ರ ಪ್ರಬಂಧದ ಭೇದವು ಹೀಗೆ ವ್ಯವಸ್ಥೆಯಾಗಿ ಪರಿಣಮಿಸಿತು.

ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದ ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಲು ಕಾರಣವನ್ನು ಹೇಳಬೇಕು. ನನ್ನ ತಮ್ಮನ ಮಗಳು ವಿಶ್ವವಿದ್ಯಾನಿಲಯವೊಂದರಲ್ಲಿ ಆಪ್ತಸಮಾಲೋಚನೆಯನ್ನು ಓದುತ್ತಿದ್ದಾಳೆ. “ದೊಡ್ಡಪ್ಪ, ದಮನದ ಮೇಲೆ ಹತ್ತು ಅಂಕದ ಉತ್ತರ ಬರೆಯಬಲ್ಲೆ, ನನ್ನೆದುರಿಗೆ ಒಬ್ಬರು ಕುಳಿತು ಅತ್ತರೆ ಏನು ಮಾಡಬೇಕೋ ತಿಳಿಯದು” ಎಂದು ಅವಳು ಒಮ್ಮೆ ಹೇಳಿದಳು. ನಾನು ಓದಿದ ಪಾಠಶಾಲೆಯಲ್ಲಿಯೂ, ನ್ಯಾಯಶಾಸ್ತ್ರದ ಪಾಠವು ಲಿಖಿತಪರೀಕ್ಷೆಗೆ ತಕ್ಕಂತೆ ಮೊಟಕಾದ ಮೇಲೆ ವಾಕ್ಯಾರ್ಥಗೋಷ್ಠಿಯು ನಿಂತುಹೋಯಿತು. ಪ್ರಶಸ್ತಿಪತ್ರಗಳು ಹೆಚ್ಚಿದುವು, ಸಭೆಯಲ್ಲಿ ಎದ್ದು ಪೂರ್ವಪಕ್ಷಕ್ಕೆ ಉತ್ತರ ಹೇಳಬಲ್ಲವರು ಕಡಮೆಯಾದರು. ನಾನೂ ಆ ಪರೀಕ್ಷೆಗಳಲ್ಲಿಯೇ ಉತ್ತೀರ್ಣನಾದವನು.

ನಮ್ಮ ಲೋಪದಿಂದ ಕೆಡುವುದು ಒಂದು ವಾಕ್ಯಾರ್ಥ. ಅವಳ ಲೋಪದಿಂದ ನೋಯುವುದು ಒಬ್ಬ ಮನುಷ್ಯ. ಆದುದರಿಂದ ಈ ವಿದ್ಯೆಯನ್ನು ಬೋಧಿಸುವ ವಿಶ್ವವಿದ್ಯಾನಿಲಯಗಳು ತಮ್ಮಿಂದ ಆಗತಕ್ಕದ್ದು ಯಾವುದು, ಆಗದ್ದು ಯಾವುದು ಎಂಬುದನ್ನು ಮೊದಲು ಅರಿಯಬೇಕು. ಮುಕ್ತವಾದ ವಿಮರ್ಶೆ, ಗ್ರಂಥಸಂಪತ್ತು, ಬೇರೆ ಶಾಸ್ತ್ರಗಳ ಸಾಂಗತ್ಯ ಇವನ್ನು ಅವು ಕೊಡಬಲ್ಲುವು. ಕೇವಲ ಗುರುಗೃಹವು ಇವನ್ನು ಕೊಡಲಾರದೆಂದು ಲಂಡನ್ನಿನ ಕಲಹವು ತೋರಿಸಿದೆ. ಮೇಲ್ವಿಚಾರಣೆಗೂ ಸ್ವಶೋಧನೆಗೂ ಅವಕಾಶವನ್ನು ಕಲ್ಪಿಸುವುದು ಅವುಗಳ ಕರ್ತವ್ಯ; ಅವುಗಳ ಸ್ಥಾನದಲ್ಲಿ ಪ್ರಶ್ನಪತ್ರಿಕೆಯನ್ನು ಕೂರಿಸುವುದು ಸಲ್ಲದು. ತಮ್ಮನ ಮಗಳಿಗೆ ಒಬ್ಬ ಮೇಲ್ವಿಚಾರಕರನ್ನು ಹುಡುಕಿಕೊಳ್ಳುವಂತೆ ಹೇಳಿದೆನು. ಅವಳು ಈಗ ವಾರಕ್ಕೊಮ್ಮೆ ಅವರಲ್ಲಿಗೆ ಹೋಗಿ ಬರುತ್ತಿದ್ದಾಳೆ.