ಗುಂಡಿನಿಂದಲೋ, ರಸಮಟ್ಟದಿಂದಲೋ? ತ್ರೀಡಿ ಮುದ್ರಣದ ಸಪೋರ್ಟ್ ಕೋನದ ಬಗ್ಗೆ ಒಂದು ಟಿಪ್ಪಣಿ

ಮೇಜಿನ ಮೇಲಿಟ್ಟು ನಡೆಸುವ ತ್ರೀಡಿ ಪ್ರಿಂಟರ್ ಕೊಂಡವರು ಹೇಳುವ ದೂರುಗಳಲ್ಲಿ ಸಪೋರ್ಟಿನದೇ ದೊಡ್ಡ ಪಾಲು. ಬೇಕಾದ ಕಡೆ ಸಪೋರ್ಟ್ ಬರಲಿಲ್ಲ, ಬೇಡದ ಕಡೆ ಬಂದು ಕೂತಿತು, ಬಂದದ್ದು ಕಿತ್ತರೂ ಬಿಡಲಿಲ್ಲ. ತಪ್ಪನ್ನು ಸಾಮಾನ್ಯವಾಗಿ ಯಂತ್ರದ ಮೇಲೋ ಪ್ಲಾಸ್ಟಿಕ್ ಎಳೆಯ ಮೇಲೋ ಹೊರಿಸುತ್ತಾರೆ. ಇದರಲ್ಲಿ ಒಂದು ಪಾಲಾದರೂ ತಂತ್ರಾಂಶದ ಒಂದು ಸಂಖ್ಯೆಯನ್ನು ಓದುವ ರೀತಿಗೆ ಸೇರಿದ್ದು ಎಂಬುದು ನನ್ನ ವಾದ.

ರಾಮನಗರ ತಾಲ್ಲೂಕಿನ ಕೂಟಗಲ್ ಹೋಬಳಿಯಲ್ಲಿ ಕೂತು ಇದನ್ನು ಯೋಚಿಸುವವರಿಗೆ ಪಕ್ಕದ ಚನ್ನಪಟ್ಟಣ ನೆನಪಾಗದೆ ಇರದು. ಅಲ್ಲಿ ಆಲೆಮರದ ತುಂಡನ್ನು ಲೇತಿಗೆ ಕಚ್ಚಿಸಿ, ಉಳಿ ಹಿಡಿದು ಕಡೆಯುತ್ತಾರೆ, ತಿರುಗುತ್ತಿರುವಾಗಲೇ ಬಣ್ಣದ ಅರಗು ಒತ್ತುತ್ತಾರೆ. ಗೊಂಬೆಯ ತಲೆ ಎಷ್ಟೇ ದುಂಡಗಿರಲಿ, ಅದಕ್ಕೆ ಆಸರೆ ಕೊಡುವ ಪ್ರಶ್ನೆಯೇ ಏಳುವುದಿಲ್ಲ. ಬೇಡದ್ದನ್ನು ತೆಗೆಯುತ್ತ ಹೋಗುವ ಕಸುಬು ಅದು. ತ್ರೀಡಿ ಮುದ್ರಣ ಇದಕ್ಕೆ ತಿರುಗುಮುರುಗು. ಕರಗಿದ ಎಳೆಯನ್ನು ಪದರದ ಮೇಲೆ ಪದರವಾಗಿ ಇಡುತ್ತ ಬರಬೇಕು, ಗಾಳಿಯ ಮೇಲೆ ಇಡಲಾಗದು. (ಹಣ್ಣಾದ ರೇಷ್ಮೆಹುಳುವಿಗೂ ಗೂಡು ಕಟ್ಟಲು ಚಂದ್ರಿಕೆಯ ಆಸರೆ ಬೇಕು ಎಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ.) ಹಾಗಾಗಿ ಚಾಚಿಕೊಂಡ ಭಾಗಕ್ಕೆ ಕೆಳಗಿನಿಂದ ತಾತ್ಕಾಲಿಕ ಆಸರೆ, ಅಂದರೆ ಸಪೋರ್ಟ್ ಕಟ್ಟಿ, ಆಮೇಲೆ ಕಿತ್ತುಹಾಕುತ್ತಾರೆ. ಮನೆ ಕಟ್ಟಿಸಿದವರು ಇದನ್ನು ಬಲ್ಲರು, ಇದೇ ಸೆಂಟ್ರಿಂಗ್.

ಎಷ್ಟು ವಾಲಿದರೆ ಸೆಂಟ್ರಿಂಗ್ ಬೇಕು ಎಂಬುದನ್ನು ಸ್ಲೈಸರ್ ಎಂಬ ತಂತ್ರಾಂಶ ಒಂದು ಕೋನದಿಂದ ತೀರ್ಮಾನಿಸುತ್ತದೆ. ತೊಡಕು ಇರುವುದು ಇಲ್ಲೇ. ಕ್ಯೂರಾ ಎಂಬ ಸ್ಲೈಸರ್ ಈ ಕೋನವನ್ನು ನೆಟ್ಟಗೆ ನಿಂತ ಗೆರೆಯಿಂದ, ಅಂದರೆ ಗಾರೆಯವರ ತೂಕದ ಗುಂಡಿನ ದಾರದಿಂದ ಅಳೆಯುತ್ತದೆ. 0 ಕೊಟ್ಟರೆ ವಾಲಿದ್ದಕ್ಕೆಲ್ಲ ಸಪೋರ್ಟ್, 90 ಕೊಟ್ಟರೆ ಯಾವುದಕ್ಕೂ ಇಲ್ಲ. ಪ್ರೂಸಾಸ್ಲೈಸರ್ ಅಳೆಯುವುದು ಮಲಗಿದ ಗೆರೆಯಿಂದ, ಎಂದರೆ ರಸಮಟ್ಟದಿಂದ. ಅದರಲ್ಲಿ 90 ಎಂದರೆ ನೆಟ್ಟನೆ ಗೋಡೆ. 0 ಕೊಟ್ಟರೆ ತಾನೇ ಲೆಕ್ಕ ಹಾಕಿಕೊಳ್ಳುತ್ತದೆ, ಉಳಿದಂತೆ ಸಂಖ್ಯೆ ಏರಿದಷ್ಟೂ ಸಪೋರ್ಟ್ ಹೆಚ್ಚು. ಅದೇ ವಂಶದಿಂದ ಕವಲೊಡೆದ ಬ್ಯಾಂಬು ಸ್ಟುಡಿಯೋ, ಆರ್ಕಾಸ್ಲೈಸರ್‌ಗಳದ್ದೂ ಇದೇ ಲೆಕ್ಕ.

ಗೊಂಬೆಯ ತಲೆಯಂಥ, 40 ಮಿ.ಮೀ. ವ್ಯಾಸದ ಒಂದು ಚೆಂಡನ್ನು ತೆಗೆದುಕೊಳ್ಳೋಣ. ಕೋನ 60 ಎಂದು ಕ್ಯೂರಾ, ಪ್ರೂಸಾಸ್ಲೈಸರ್ ಎರಡರಲ್ಲೂ ತುಂಬಿ. ಕ್ಯೂರಾದ ಲೆಕ್ಕದಲ್ಲಿ ಚೆಂಡಿನ ತಳದಿಂದ ಸುಮಾರು 2.7 ಮಿ.ಮೀ. ಎತ್ತರದವರೆಗೆ ಮಾತ್ರ ಸಪೋರ್ಟ್. ಪ್ರೂಸಾದ ಲೆಕ್ಕದಲ್ಲಿ ಅದು 10 ಮಿ.ಮೀ. ಎತ್ತರಕ್ಕೆ ಏರುತ್ತದೆ. ಚೆಂಡು ಒಂದೇ, ಸಂಖ್ಯೆ ಒಂದೇ, ಸಪೋರ್ಟಿನ ಎತ್ತರ ಮಾತ್ರ ಹೆಚ್ಚುಕಡಿಮೆ ನಾಲ್ಕು ಪಟ್ಟು. ಈಗ 45 ತುಂಬಿ ನೋಡಿ. ಎರಡರಲ್ಲೂ 5.9 ಮಿ.ಮೀ. ಬರುತ್ತದೆ. ಎಲ್ಲರೂ ಮೊದಲು ಕಲಿಯುವ ಸಂಖ್ಯೆ ಈ 45 ಆಗಿರುವುದೇ ಒಂದು ವಿಪರ್ಯಾಸ. ಅಲ್ಲಿ ಎರಡು ಅಳತೆಗಳೂ ಕೂಡುವುದರಿಂದ ವ್ಯತ್ಯಾಸ ಕಣ್ಣಿಗೇ ಬೀಳುವುದಿಲ್ಲ. ಒಂದು ತಂತ್ರಾಂಶ ಬಿಟ್ಟು ಇನ್ನೊಂದಕ್ಕೆ ಹೋದವನು ತನ್ನ ಹಳೆಯ 60 ಅನ್ನು ಹೊತ್ತೊಯ್ದ ದಿನ ಅದು ಹೊರಬೀಳುತ್ತದೆ.

ಕಿತ್ತರೂ ಬಿಡದ ಸಪೋರ್ಟಿನ ಕಥೆ ಬೇರೆ. ಸೆಂಟ್ರಿಂಗ್ ಶೀಟಿಗೆ ಎಣ್ಣೆ ಬಳಿಯದೆ ಕಾಂಕ್ರೀಟ್ ಸುರಿದರೆ ಶೀಟು ಕಚ್ಚಿಕೊಳ್ಳುತ್ತದೆ. ಇಲ್ಲಿ ಎಣ್ಣೆಯ ಕೆಲಸ ಮಾಡುವುದು ಸಪೋರ್ಟಿಗೂ ವಸ್ತುವಿಗೂ ನಡುವೆ ಬಿಡುವ ತೆಳ್ಳನೆ ಸಂದು. 0.2 ಮಿ.ಮೀ. ಪದರದಲ್ಲಿ ಮುದ್ರಿಸುವವರು ಹೆಚ್ಚಾಗಿ ಒಂದು ಪದರದಷ್ಟೇ ಸಂದು ಬಿಡುತ್ತಾರೆ. ಸಂದು ಕಡಿಮೆಯಾದರೆ ಇಕ್ಕಳ ಹಾಕಿ ಎಳೆದಾಗ ಸಪೋರ್ಟಿನ ಜೊತೆ ಚೆಂಡಿನ ಚರ್ಮವೂ ಕಿತ್ತು ಬರುತ್ತದೆ, ಬಿಳಿಚಿದ ಗಾಯದ ಗುರುತು ಉಳಿಯುತ್ತದೆ. ಹೆಚ್ಚಾದರೆ ತಳದ ಎಳೆಗಳು ಜೋತುಬಿದ್ದು ನೂಲುನೂಲಾಗುತ್ತವೆ. ಸೊನ್ನೆ ಸಂದು ಸಲ್ಲುವುದು ನೀರಿನಲ್ಲಿ ಕರಗುವ ಎಳೆಯಂಥ ಬೇರೆ ವಸ್ತುವಿನಿಂದ ಸಪೋರ್ಟ್ ಕಟ್ಟಿದಾಗ ಮಾತ್ರ.

ಈ ಸಂದಿನ ಸೆಟ್ಟಿಂಗು ಹೊಸಬರ ಕಣ್ಣಿಗೆ ಬೀಳದಿರುವುದೂ ಉಂಟು. ಕ್ಯೂರಾದಲ್ಲಿ ಸೆಟ್ಟಿಂಗುಗಳು ನಾನೂರಕ್ಕೂ ಹೆಚ್ಚು, ಆರಂಭಿಕರ ನೋಟದಲ್ಲಿ ಬಹುಪಾಲು ಮರೆಯಾಗಿರುತ್ತವೆ. ಹುಡುಕುವ ಜಾಗದಲ್ಲಿ ಹೆಸರು ಟೈಪ್ ಮಾಡಿದರೆ ಸಿಗುತ್ತದೆ, ಆದರೆ ಹೆಸರು ಮೊದಲೇ ಗೊತ್ತಿರಬೇಕಲ್ಲ! 2023ರಲ್ಲಿ ಸುಧಾರಿಸಿ ಬಂದ ಮರದಾಕಾರದ ಸಪೋರ್ಟುಗಳು ಕೀಳುವ ಕಷ್ಟವನ್ನು ಬಹಳ ತಗ್ಗಿಸಿವೆ. ಕೋನದ ಗೊಂದಲ ಮಾತ್ರ ಇದ್ದ ಹಾಗೇ ಇದೆ.

ಕ್ಯೂರಾ, ಪ್ರೂಸಾಸ್ಲೈಸರ್ ಎರಡರ ಭಾಷಾಪಟ್ಟಿಯಲ್ಲೂ ಕನ್ನಡವಿಲ್ಲ. ಮೂಲ ಸಂಕೇತ ಮುಕ್ತವಾಗಿರುವುದರಿಂದ ಮುಂದೆ ಯಾರಾದರೂ ಅನುವಾದಕ್ಕೆ ಕೈಹಾಕಬಹುದು, ಶಾಲೆಗಳಿಗೆ ಕೈಪಿಡಿ ಬರೆಯಬಹುದು. ಅವರಲ್ಲಿ ಒಂದು ಬಿನ್ನಹ: ಬರೀ ‘ಕೋನ 60’ ಎಂದು ಬರೆಯಬೇಡಿ. ‘ಗುಂಡಿನಿಂದ 60’ ಎನ್ನಿ, ಇಲ್ಲವೇ ‘ಮಟ್ಟದಿಂದ 30’ ಎನ್ನಿ. ಎರಡೂ ಒಂದೇ ಗೆರೆ.