ಶಮಿಸೊವಿನ ಸಮುದ್ರಯಾನ

ಕಂಡುದನ್ನು ಕಂಡಂತೆಯೇ ಹೇಳುವುದು ಸುಲಭವೆಂದು ತೋರಬಹುದು. ಆದರೆ ಕಂಡ ಸಂಗತಿಯು ಲೋಕದ ನಂಬಿಕೆಗೆ ವಿರುದ್ಧವಾದಾಗ ಹಾಗೆ ಹೇಳುವುದಕ್ಕೆ ಧೈರ್ಯವೂ, ಧೈರ್ಯಕ್ಕಿಂತ ಮಿಗಿಲಾಗಿ ತಾಳ್ಮೆಯೂ ಬೇಕು. ಆಡೆಲ್ಬರ್ಟ್ ಫಾನ್ ಶಮಿಸೊವಿನ ಚರಿತ್ರೆಯು ಇದಕ್ಕೆ ನಿದರ್ಶನವಾಗಿದೆ.

೧೭೮೧ರಲ್ಲಿ ಫ್ರಾನ್ಸಿನ ಕುಲೀನ ಮನೆತನವೊಂದರಲ್ಲಿ ಜನಿಸಿದ ಈತನು ಮಹಾಕ್ರಾಂತಿಯ ಕಾಲದಲ್ಲಿ ತಂದೆತಾಯಿಗಳೊಡನೆ ದೇಶಭ್ರಷ್ಟನಾಗಿ ಬರ್ಲಿನ್ ನಗರವನ್ನು ಸೇರಿದನು. ೧೮೧೩ರಲ್ಲಿ ಜರ್ಮನರು ನೆಪೋಲಿಯನ್ನನ ಮೇಲೆ ಯುದ್ಧಕ್ಕೆ ಹೊರಟಾಗ ಎರಡು ಪಕ್ಷಕ್ಕೂ ಸಲ್ಲದೆ, ಹಳ್ಳಿಯೊಂದರಲ್ಲಿ ಸಸ್ಯಾಭ್ಯಾಸ ಮಾಡುತ್ತ, ನೆರಳನ್ನು ಮಾರಿಕೊಂಡ ಮನುಷ್ಯನೊಬ್ಬನ ಕಥೆಯನ್ನು ಬರೆದನು. ಆ ಕಥಾನಾಯಕನು ಮಾಯೆಯ ಪಾದರಕ್ಷೆಗಳನ್ನು ಮೆಟ್ಟಿ ಭೂಮಂಡಲವನ್ನೆಲ್ಲ ಸುತ್ತಿ ಸಸ್ಯಪ್ರಾಣಿಗಳನ್ನು ಪರೀಕ್ಷಿಸುವನು. ದಕ್ಷಿಣ ಸಮುದ್ರದ ದ್ವೀಪಗಳು ಮಾತ್ರ ಅವನಿಗೆ ಎಟುಕುವುದಿಲ್ಲ. ನಾಯಕನಿಗೆ ದೊರೆಯದ ಆ ಭಾಗ್ಯವು ಕಥೆಗಾರನಿಗೆ ದೊರೆಯಿತು.

ಅಮೆರಿಕಾ ಖಂಡದ ಉತ್ತರದಲ್ಲಿ ಜಲಮಾರ್ಗವನ್ನು ಹುಡುಕುವುದಕ್ಕಾಗಿ ರಷ್ಯದ ರುಮ್ಯಾಂತ್ಸೆವ್ ಪ್ರಭುವು ಸ್ವಂತ ವೆಚ್ಚದಿಂದ 'ರೂರಿಕ್' ಎಂಬ ಸಣ್ಣ ನೌಕೆಯನ್ನು ಕಳುಹಿಸಿದನು. ಅದರ ನಾಯಕನು ಓಟ್ಟೊ ಫಾನ್ ಕೊಟ್ಸೆಬು. ೧೮೧೫ರ ಆಗಸ್ಟಿನಲ್ಲಿ ಶಮಿಸೊ ಕೋಪನ್‌ಹೇಗನ್ನಿನಲ್ಲಿ ಹಡಗನ್ನೇರಿದನು. ಯುದ್ಧನೌಕೆಯಲ್ಲಿ ಪ್ರಯಾಣಿಕನಾದವನಿಗೆ ಯಾವ ಹಕ್ಕೂ ಇಲ್ಲವೆಂದು ನಾಯಕನು ಆರಂಭದಲ್ಲಿಯೇ ಎಚ್ಚರಿಸಿದನು.

ಇಂಗ್ಲೆಂಡಿಗೂ ಟೆನೆರೀಫ್ ದ್ವೀಪಕ್ಕೂ ನಡುವೆ ಗಾಳಿಯಡಗಿ ನೌಕೆಯು ನಿಂತಿದ್ದಾಗ ಶಮಿಸೊವೂ ಹಡಗಿನ ವೈದ್ಯ ಎಷ್‌ಷೋಲ್ಟ್ಸನೂ ಸಮುದ್ರದಿಂದ ಸಾಲ್ಪವೆಂಬ ಪಾರದರ್ಶಕ ಜೀವಿಗಳನ್ನು ಹಿಡಿದು ನೋಡಿದರು. ಅವುಗಳಲ್ಲಿ ಕೆಲವು ಒಂಟಿಯಾಗಿ ಈಜುವವು, ಕೆಲವು ಸರಪಳಿಯಂತೆ ಒಂದಕ್ಕೊಂದು ಅಂಟಿಕೊಂಡಿರುವವು. ಒಂಟಿಜೀವಿಯ ಒಡಲಲ್ಲಿ ಸರಪಳಿಯೂ, ಸರಪಳಿಯ ಒಂದೊಂದು ಜೀವಿಯ ಒಡಲಲ್ಲಿ ಒಂಟಿಜೀವಿಯೂ ಬೆಳೆಯುತ್ತಿದ್ದುವು. ಎರಡೂ ಒಂದೇ ಕುಲವೆಂದೂ, ಇಲ್ಲಿ ಮಗಳು ತಾಯಿಯನ್ನು ಹೋಲದೆ ಅಜ್ಜಿಯನ್ನು ಹೋಲುವಳೆಂದೂ ಇದರಿಂದ ಸಿದ್ಧವಾಯಿತು.

ಮುಂದೆ ನೌಕೆಯು ಚಿಲಿ ದೇಶ, ದಕ್ಷಿಣ ಸಮುದ್ರದ ದ್ವೀಪಗಳು, ಕಮ್‌ಚಾಟ್ಕ ಇವುಗಳನ್ನು ದಾಟಿ ಬೇರಿಂಗ್ ಜಲಸಂಧಿಯನ್ನು ಹೊಕ್ಕಿತು. ೧೮೧೬ರಲ್ಲಿ ಅಲ್ಲಿ ಕಂಡ ಕೊಲ್ಲಿಗೆ ಕೊಟ್ಸೆಬುವಿನ ಹೆಸರೂ, ಅದರೊಳಗಿನ ದ್ವೀಪವೊಂದಕ್ಕೆ ಶಮಿಸೊವಿನ ಹೆಸರೂ ನಿಂತಿವೆ. ಕ್ಯಾಲಿಫೋರ್ನಿಯದಲ್ಲಿ ದೊರೆತ ಹೊಂಬಣ್ಣದ ಹೂವಿಗೆ ಶಮಿಸೊ ತನ್ನ ಗೆಳೆಯ ವೈದ್ಯನ ಹೆಸರನ್ನಿತ್ತನು. ಆದರೆ ೧೮೧೭ರಲ್ಲಿ ನಾಯಕನು ಅಸ್ವಸ್ಥನಾದುದರಿಂದ ನೌಕೆ ಹಿಂದಿರುಗಿತು. ಅರಸಿ ಹೊರಟ ಮಾರ್ಗವು ದೊರೆಯಲಿಲ್ಲ.

೧೮೧೮ರಲ್ಲಿ ಸ್ವಸ್ಥಾನವನ್ನು ಸೇರಿದ ಶಮಿಸೊ ಮರುವರ್ಷವೇ ಸಾಲ್ಪಗಳ ವಿಷಯವನ್ನು ಲ್ಯಾಟಿನ್ ಭಾಷೆಯಲ್ಲಿ ಪ್ರಕಟಿಸಿದನು. ಪಂಡಿತರು ಸಂಶಯಪಟ್ಟರು. ೧೮೨೧ರಲ್ಲಿ ಅಚ್ಚಾದ ಯಾತ್ರಾವೃತ್ತಾಂತದಲ್ಲಿ ಆತನ ಬರಹವು ತಪ್ಪುಗಳಿಂದ ಕೆಟ್ಟುಹೋಗಿತ್ತು. ೧೮೩೬ರಲ್ಲಿ ಆತನು ತನ್ನ ದಿನಚರಿಯನ್ನು ತಾನೇ ಹೊರತಂದು, ೧೮೩೮ರಲ್ಲಿ ತೀರಿಕೊಂಡನು.

೧೮೪೨ರಲ್ಲಿ ಡೆನ್ಮಾರ್ಕಿನ ಸ್ಟೇನ್‌ಸ್ಟ್ರುಪ್ ಎಂಬ ವಿಜ್ಞಾನಿಯು ಇಂತಹ ತಲೆಮಾರುಗಳ ಪರ್ಯಾಯವು ಬೇರೆ ಜೀವಿಗಳಲ್ಲಿಯೂ ಉಂಟೆಂದು ತೋರಿಸಿಕೊಟ್ಟನು. ಶಮಿಸೊ ನುಡಿದುದು ದಿಟವೆಂದು ವಿದ್ವಲ್ಲೋಕವು ಒಪ್ಪಿತು. ಕೇಳಿ ಸಂತೋಷಪಡಲು ಆತನಿರಲಿಲ್ಲ. ಅರಸಿದ ದಾರಿಯು ದೊರೆಯದ ಆ ಯಾತ್ರೆಯಿಂದ ಅರಸದೆಯೇ ದೊರೆತ ಸತ್ಯವೊಂದು ಲೋಕಕ್ಕೆ ಉಳಿಯಿತು.